ಗಿರ್ಮಿಟ್ ಕಾಲದಲ್ಲಿ ಕಡಲು ದಾಟಿದವರ ವಂಶ ಹುಡುಕೋ ಅಧ್ಯಯನ ಗುಂಪು: ಎಲ್ಲಿಂದ ಶುರು ಮಾಡೋದು?

ಕಡಲಾಚೆ_ಬೇರು
ಎಲ್ಲರಿಗೂ ನಮಸ್ಕಾರ. ಗಿರ್ಮಿಟ್ ಅಂದರೆ ಅಗ್ರಿಮೆಂಟ್ ಮಾಡಿಕೊಂಡು ಕರಾರು ಕೂಲಿಗಳಾಗಿ ಮಾರಿಷಸ್, ನಟಾಲ್ (ಈಗಿನ ದಕ್ಷಿಣ ಆಫ್ರಿಕಾದ ಭಾಗ), ಫಿಜಿಗೆ ಹೋದ ದಕ್ಷಿಣದವರ ವಂಶ ಹುಡುಕೋಕೆ ಎಂಟು ಮಂದಿಯ ಅಧ್ಯಯನ ಗುಂಪು ಕಟ್ಟುತ್ತಿದ್ದೇವೆ. ಅರ್ಧ ಜನ ಆ ದೇಶಗಳಲ್ಲೇ ಹುಟ್ಟಿದ ವಂಶಸ್ಥರು, ಅವರಿಗೆ ಕನ್ನಡ, ತೆಲುಗು, ತಮಿಳು ಓದಲು ಬರಲ್ಲ. ಉಳಿದವರು ಇಲ್ಲಿನವರು. ಹಳೇ ಕಂದಾಯ ಕಾಗದ ಓದಬಲ್ಲರು, ಆದರೆ ಹಡಗಿನ ಪಟ್ಟಿ ಹೇಗಿರುತ್ತೆ ಅಂತಲೇ ಗೊತ್ತಿಲ್ಲ.

ದಯವಿಟ್ಟು ಹೇಳಿ: ಮೊದಲು ಯಾವ ದಾಖಲೆ ಹಿಡಿಯಬೇಕು? ಗುಂಪು ಹೇಗೆ ನಡೆಸಿದರೆ ಕೆಲಸ ಮುಂದೆ ಹೋಗುತ್ತೆ? ಜನ ಎಲ್ಲಿ ಎಡವುತ್ತಾರೆ? ಹಡಗಿನ ಪಟ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ ಅಂತ ಕೇಳಿ, ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡಿದ್ದೇವೆ.

ಹಳೇದಫ್ತರ
ಹಡಗಿನ ಪಟ್ಟಿಯಿಂದ ಶುರು ಮಾಡಬೇಡಿ. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಬೇಕು.

1860ರಿಂದ 1911ರವರೆಗೆ ನಟಾಲ್‌ಗೆ ಹೋದವರು 1,52,184 ಜನ. ಅದರಲ್ಲಿ ರಾಮಸ್ವಾಮಿ, ಮುನಿಯಮ್ಮ, ವೆಂಕಟಮ್ಮ ಅನ್ನೋ ಹೆಸರುಗಳು ಲೆಕ್ಕವಿಲ್ಲದಷ್ಟು. ಪಟ್ಟಿಯಲ್ಲಿ ಮೊದಲು ಸಿಕ್ಕ ರಾಮಸ್ವಾಮಿಯೇ ನಮ್ಮ ಮುತ್ತಜ್ಜ ಅಂತ ವಂಶದ ಮರ ಬೆಳೆಸಿಬಿಟ್ಟರೆ ಆಮೇಲೆ ಕೀಳೋಕೆ ಮನಸ್ಸು ಬರಲ್ಲ. ಬೇರೆಯವರೂ ಅದನ್ನೇ ನಕಲು ಮಾಡ್ತಾರೆ, ಐದಾರು ಮರದಲ್ಲಿ ಇದೆ ಅನ್ನೋದೇ ಸಾಕ್ಷಿ ಆಗಿಬಿಡುತ್ತೆ.

ಬದುಕಿರೋ ಹಿರಿಯರಿಂದ ಹಿಂದಕ್ಕೆ ಹೋಗಿ. ಪ್ರತಿ ತಲೆಮಾರಿಗೂ ಜನನ, ವಿವಾಹ, ಮರಣದ ಕಾಗದ ಒಂದರ ಮೇಲೊಂದು ಕೊಂಡಿ ಬೀಳಬೇಕು. ಹೀಗೆ ಹೋಗ್ತಾ ಯಾವುದೋ ಒಂದು ಕಾಗದದ ಮೂಲೆಯಲ್ಲಿ ವಲಸೆ ನಂಬರ್ ಸಿಗುತ್ತೆ. ನಟಾಲ್‌ನಲ್ಲಿ ಅದನ್ನು ಕಲೋನಿಯಲ್ ನಂಬರ್ ಅಂತಾರೆ, ಮಾರಿಷಸ್‌ನಲ್ಲಿ ಇಮಿಗ್ರೇಷನ್ ನಂಬರ್, ಫಿಜಿಯಲ್ಲಿ ಎಮಿಗ್ರೇಷನ್ ಪಾಸ್ ನಂಬರ್. ಹಡಗಿನ ಪಟ್ಟಿ ತೆರೆಯೋದು ಆ ನಂಬರ್ ಕೈಗೆ ಬಂದ ಮೇಲೆ.

ದಕ್ಷಿಣ ಆಫ್ರಿಕಾದವರಿಗೆ ಒಂದು ಮಾತು. ಮರಣ ಪ್ರಮಾಣಪತ್ರ ಬೇರೆ, ಡೆತ್ ನೋಟಿಸ್ ಬೇರೆ. ಡೆತ್ ನೋಟಿಸ್ ಇರೋದು ಮೃತರ ಆಸ್ತಿ ಕಡತದೊಳಗೆ. ಅದರಲ್ಲಿ ತಂದೆ ತಾಯಿ ಹೆಸರು, ಹುಟ್ಟಿದ ಜಾಗ, ಗಂಡ ಅಥವಾ ಹೆಂಡತಿ, ಮಕ್ಕಳ ಹೆಸರು ಎಲ್ಲಕ್ಕೂ ಕಾಲಂ ಇದೆ. ಮೊದಲು ಅದಕ್ಕೆ ಅರ್ಜಿ ಹಾಕಿ.

ಪ್ರಶ್ನೆ_ಮಾತ್ರ
ನಂಬರ್ ಎಲ್ಲೂ ಸಿಗದಿದ್ದರೆ?

ನಟಾಲ್_ನಂಬರ್
@ಪ್ರಶ್ನೆ_ಮಾತ್ರ ಸಿಗದಿದ್ದಾಗ ಮೊದಲು ಕೇಳಬೇಕಾದ್ದು, ನಂಬರ್ ಇರಲೇಬೇಕಿತ್ತಾ ಅಂತ. ಸ್ವಂತ ಖರ್ಚಿನಲ್ಲಿ ಟಿಕೆಟ್ ಕೊಂಡು ಬಂದ ವ್ಯಾಪಾರಿಗಳನ್ನು ಅಲ್ಲಿ ಪ್ಯಾಸೆಂಜರ್ ಇಂಡಿಯನ್ಸ್ ಅಂತಿದ್ದರು. ಅವರಿಗೆ ಕಲೋನಿಯಲ್ ನಂಬರ್ ಇಲ್ಲ, ಕರಾರು ಕೂಲಿಗಳ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ. ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಹುಡುಕಿದರೂ ಏನೂ ಸಿಗಲ್ಲ. ನಟಾಲ್‌ನಲ್ಲೇ ಹುಟ್ಟಿದ ಮಕ್ಕಳು ಹಡಗಿನ ಪಟ್ಟಿಗೆ ಬರಲ್ಲ, ಅವರ ಕಾಗದಗಳಲ್ಲಿ ತಂದೆಯದೋ ತಾಯಿಯದೋ ನಂಬರ್ ಇರುತ್ತೆ. ಅದನ್ನು ಮಗುವಿನ ನಂಬರ್ ಅಂತ ಓದಿದರೆ ಒಂದು ತಲೆಮಾರೇ ಮಾಯ.

ನಂಬರ್‌ನ ಉಪಯೋಗ ಇನ್ನೊಂದಿದೆ. ಅದು ಹೆಚ್ಚುಕಡಿಮೆ ಹಡಗು ಬಂದ ಕ್ರಮದಲ್ಲೇ ಏರುತ್ತದೆ. ಮೊದಲ ಹಡಗು ಟ್ರೂರೋ ಮದ್ರಾಸಿನಿಂದ ಡರ್ಬನ್ ಮುಟ್ಟಿದ್ದು 1860ರ ನವೆಂಬರ್ 16. 1866ರಲ್ಲಿ ವಲಸೆ ನಿಂತು ಮತ್ತೆ ಶುರುವಾದದ್ದು 1874ರಲ್ಲಿ. ಮನೆಯವರು "ಅಜ್ಜ 1870ರಲ್ಲಿ ಬಂದ" ಅಂದರೆ ಆ ಇಸವಿ ತಪ್ಪು, ಇಲ್ಲ ಅವರು ಕರಾರಿನಲ್ಲಿ ಬಂದವರಲ್ಲ. ನಂಬರ್ ನೋಡಿದರೆ ಅವರು 1866ಕ್ಕೆ ಮೊದಲಿನವರೋ 1874ರ ನಂತರದವರೋ ಅಂತ ತಕ್ಷಣ ತಿಳಿಯುತ್ತೆ.

ಪಟ್ಟಿಗಳ ಡಿಜಿಟಲ್ ಪ್ರತಿ ಕ್ವಾಝುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲಾತಿ ಕೇಂದ್ರದಲ್ಲಿದೆ.

ಕಡಲಾಚೆ_ಬೇರು
ಅಂದರೆ ಮೊದಲ ಒಂದೆರಡು ತಿಂಗಳು ಹಡಗಿನ ಪಟ್ಟಿ ಮುಟ್ಟಲೇಬಾರದಾ ಸರ್? ಹೊಸಬರಿಗೆ ಉತ್ಸಾಹ ಇಳಿದುಹೋಗುತ್ತಲ್ಲ.

ಶಾಯಿ_ಮಸಿ
ಮುಟ್ಟಿ, ಆದರೆ ಹುಡುಕೋಕಲ್ಲ, ಓದೋದು ಕಲಿಯೋಕೆ. ಈ ವಿಷಯದಲ್ಲಿ ಹಳೇದಫ್ತರ ಸರ್ ಸ್ವಲ್ಪ ಬಿಗಿ. ಯಾರದೋ ಒಂದು ಪುಟ ತೆಗೆದುಕೊಂಡು ಎಂಟೂ ಜನ ಬೇರೆಬೇರೆಯಾಗಿ ಅಕ್ಷರಕ್ಕೆ ಅಕ್ಷರ ಇಳಿಸಿ, ಆಮೇಲೆ ಹೋಲಿಸಿ. ಎಲ್ಲಿ ಓದು ಬೇರೆಯಾಯಿತೋ ಅಲ್ಲೇ ಪಾಠ ಇರೋದು.

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕೈಬರಹದಲ್ಲಿ ಎನ್ ಮತ್ತು ಯು ಒಂದೇ ಥರ ಕಾಣುತ್ತೆ. ಸಿ ಮತ್ತು ಇ ಕೂಡ. ದೊಡ್ಡ ಎಸ್ ಮತ್ತು ಎಲ್, ದೊಡ್ಡ ಟಿ ಮತ್ತು ಎಫ್ ಅದಲುಬದಲಾಗುತ್ತವೆ. ಅಂಕಿಗಳಲ್ಲಿ 1 ಮತ್ತು 7, 3 ಮತ್ತು 5. ಪುಟದಲ್ಲಿ ಖಚಿತವಾಗಿ ಗೊತ್ತಿರೋ ಪದ ಹಿಡಿದು, ಮದ್ರಾಸ್ ಅಂತಲೋ ಹಡಗಿನ ಹೆಸರೋ, ಅದೇ ಗುಮಾಸ್ತನ ಅಕ್ಷರಮಾಲೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗುಮಾಸ್ತ ಬದಲಾದರೆ ಹಾಳೆಯೂ ಬದಲಾಗಬೇಕು.

ಇನ್ನೊಂದು: ಕಾಲಂಗಳಲ್ಲಿ "ಡಿಒ" ಅಂತ ಎರಡಕ್ಷರ ಪದೇಪದೇ ಬರುತ್ತೆ. ಅದು ಡಿಟ್ಟೋ, ಮೇಲಿನದ್ದೇ ಅಂತ. ಅದನ್ನೇ ಊರಿನ ಹೆಸರು, ಮನೆತನದ ಹೆಸರು ಅಂತ ಇಂಡೆಕ್ಸ್ ಮಾಡಿದವರಿದ್ದಾರೆ. ಹಾಗಾಗಿ ಯಾರೋ ಟೈಪ್ ಮಾಡಿದ ಇಂಡೆಕ್ಸ್ ಬರೀ ದಾರಿ ತೋರಿಸೋಕೆ, ಸಾಕ್ಷಿ ಅನ್ನೋದು ಮೂಲ ಚಿತ್ರ ಮಾತ್ರ.

ಹಳೇದಫ್ತರ
ಓದೋ ಅಭ್ಯಾಸಕ್ಕೆ ಅಂದರೆ ಒಪ್ಪಿದೆ ಮೇಡಂ. ಆದರೆ ಸ್ವಂತ ಮನೆತನದ ಪುಟ ಕೊಡಬೇಡಿ. ನೋಡಬೇಕು ಅಂತ ಆಸೆಪಟ್ಟಿದ್ದೇ ಕಣ್ಣಿಗೆ ಕಾಣುತ್ತೆ.

ಪೋರ್ಟ್‌ಲೂಯಿಸ್_ಪಯಣ
ಮಾರಿಷಸ್ ವಿಷಯ ಸೇರಿಸ್ತೀನಿ. ಕರಾರು ಕೂಲಿಗಳನ್ನು ಹೊತ್ತ ಅಟ್ಲಾಸ್ ಹಡಗು ಬಂದದ್ದು 1834ರ ನವೆಂಬರ್ 2. ಅಲ್ಲಿಂದ ಮುಂದೆ ಸುಮಾರು ನಾಲ್ಕೂವರೆ ಲಕ್ಷ ಜನ ಬಂದರು. ದಾಖಲೆಗಳಿರೋದು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯ ಇಂಡಿಯನ್ ಇಮಿಗ್ರೇಷನ್ ಆರ್ಕೈವ್ಸ್‌ನಲ್ಲಿ. ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ತಾಣ ಆಯ್ತಲ್ಲ, ಅದು ಜನ ಇಳಿದ ಜಾಗ. ಕಾಗದಕ್ಕೆ ಅಲ್ಲಿಗೆ ಹೋಗಿ ನಿಲ್ಲಬೇಡಿ.

1860ರ ದಶಕದಿಂದ ಫೋಟೋಗಳೂ ಇವೆ. ಮುತ್ತಜ್ಜಿಯ ಮುಖ ನೋಡೋ ಭಾಗ್ಯ ಬೇರೆ ವಸಾಹತುಗಳವರಿಗೆ ಅಷ್ಟು ಸುಲಭವಲ್ಲ. ಆದರೆ ಫೋಟೋ ನಂಬರ್‌ಗೆ ಹೊಂದಿಕೊಂಡಿರುತ್ತೆ, ಹೆಸರಿಗಲ್ಲ. ಮತ್ತೆ ಅದೇ ಮಾತು: ನಂಬರ್ ಮೊದಲು.

ಕಾಗುಣಿತಕ್ಕೆ ಫ್ರೆಂಚ್ ಕಿವಿ ಇಟ್ಟುಕೊಳ್ಳಿ. ಉಕಾರಕ್ಕೆ ಅವರು ಒ-ಯು ಎರಡೂ ಅಕ್ಷರ ಬರೀತಾರೆ. ಮುತ್ತು ಅನ್ನೋದು ಮೌತೌ ಥರ ಕಾಣುತ್ತೆ, ಅಪ್ಪಾದು ಅನ್ನೋದು ಅಪ್ಪಡೂ ಆಗುತ್ತೆ, ನಾಯ್ಕನ್ ಅನ್ನೋದು ನೈಕೆನ್ ಆಗಿರುತ್ತೆ. ಒಂದೇ ಮನೆಯ ಅಣ್ಣತಮ್ಮಂದಿರ ಮನೆತನದ ಹೆಸರು ಮೂರು ಥರ ಇರಬಹುದು. ತಂದೆಯ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಗಿ ಉಳಿದಿರೋದು ತುಂಬಾ ಸಾಮಾನ್ಯ. ಹಾಗಾಗಿ ಮನೆತನದ ಹೆಸರಲ್ಲಿ ಒಂದೆರಡು ತಲೆಮಾರಿಗಿಂತ ಹಿಂದೆ ಹುಡುಕಿದರೆ ಯಾರೂ ಸಿಗಲ್ಲ, ಆಗಿನವರಿಗೆ ಆ ಹೆಸರೇ ಇರಲಿಲ್ಲ.

ಸಾಲುಕಾಲಂ
ಹೆಸರಿನ ಹುಡುಕಾಟದಲ್ಲಿ ಸೌಂಡೆಕ್ಸ್, ಅಂದರೆ ಉಚ್ಚಾರಣೆ ಹೋಲೋ ಹೆಸರುಗಳಿಗೆ ಒಂದೇ ಸಂಕೇತ ಕೊಡೋ ಪದ್ಧತಿ, ಅದರ ಮೇಲೆ ಭರವಸೆ ಇಡಬೇಡಿ. ಅದು ಮೊದಲ ಅಕ್ಷರ ಹಾಗೇ ಇಟ್ಟುಕೊಂಡು ಉಳಿದ ವ್ಯಂಜನಗಳಿಗೆ ಮೂರು ಅಂಕಿ ಕೊಡುತ್ತೆ. ಯಲ್ಲಮ್ಮ ಅಂತ ವೈ ಅಕ್ಷರದಿಂದ ಬರೆದರೆ ವೈ450, ಎಲ್ಲಮ್ಮ ಅಂತ ಇ ಅಕ್ಷರದಿಂದ ಬರೆದರೆ ಇ450. ಒಂದೇ ಹೆಸರು, ಎರಡೂ ಎಂದಿಗೂ ಒಟ್ಟಿಗೆ ಬರಲ್ಲ. ವೆಂಕಟ ಮತ್ತು ಯೆಂಕಟ ಕೂಡ ಹೀಗೇ ಬೇರೆಯಾಗುತ್ತವೆ. ಮೊದಲ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ವೈಲ್ಡ್‌ಕಾರ್ಡ್ ಹುಡುಕಾಟ ಮಾಡಿ. ಹೆಸರಿನ ಕಾಲಂ ಖಾಲಿ ಬಿಟ್ಟು ಊರು, ವಯಸ್ಸು, ಹಡಗು ಮಾತ್ರ ಕೊಟ್ಟು ನೋಡೋದು ಇನ್ನೂ ಒಳ್ಳೇದು.

ಬಳ್ಳಾರಿ_ಬಯಲು
ಊರು ಅಂದ್ರಲ್ಲ, ಅಲ್ಲೇ ಅರ್ಧ ಜನ ದಾರಿ ತಪ್ಪೋದು. ಇವತ್ತಿನ ಜಿಲ್ಲೆ ನಕ್ಷೆ ಇಟ್ಟುಕೊಂಡು ಹುಡುಕಬೇಡ್ರಿ. ಪಟ್ಟಿ ಬರೆದ ವರ್ಷ ಆ ಊರು ಯಾವ ಜಿಲ್ಲೆಯಲ್ಲಿತ್ತು ಅಂತ ನೋಡಬೇಕು.

ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾಗಿದ್ದು 1882ರಲ್ಲಿ. ಅದಕ್ಕೂ ಮೊದಲಿನ ಪಟ್ಟಿಯಲ್ಲಿ ಬಳ್ಳಾರಿ ಅಂತಿದ್ದರೆ ಊರು ಇವತ್ತಿನ ಆಂಧ್ರದ ಒಳಗೂ ಇರಬಹುದು. ಚಿತ್ತೂರು ಜಿಲ್ಲೆ ಹುಟ್ಟಿದ್ದು 1911ರಲ್ಲಿ. ಅಂದರೆ ನಟಾಲ್ ವಲಸೆ ನಿಂತ ವರ್ಷ. ಹಾಗಾಗಿ ನಟಾಲ್ ಪಟ್ಟಿಯಲ್ಲಿ ಚಿತ್ತೂರು ಜಿಲ್ಲೆ ಹುಡುಕೋದು ದಂಡ, ಅವರೆಲ್ಲ ಉತ್ತರ ಆರ್ಕಾಟ್‌ನಲ್ಲಿ, ಕೆಲವರು ಕಡಪದಲ್ಲಿ ಇರ್ತಾರೆ. ಗುಂಟೂರು 1904.

ನಮ್ಮವರಿಗೆ ಮುಖ್ಯವಾದ್ದು: ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡ ಮಾತಾಡೋ ಕೊಳ್ಳೇಗಾಲದವರು ಪಟ್ಟಿಯಲ್ಲಿ ಕೊಯಮತ್ತೂರಿನವರು. ಅದಕ್ಕೆ "ತಮಿಳರು" ಅಂತ ವಂಶವೃಕ್ಷದಲ್ಲಿ ಬರೆದುಬಿಡ್ತಾರೆ. ಕಾಸರಗೋಡಿನವರು ದಕ್ಷಿಣ ಕನ್ನಡದಲ್ಲಿ. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಹೋಯಿತು. ಮೈಸೂರು ಅಂತ ಮಾತ್ರ ಬರೆದಿದ್ದರೆ ಅದು ನಗರವೋ, ಜಿಲ್ಲೆಯೋ, ಇಡೀ ಸಂಸ್ಥಾನವೋ ಅಂತ ತಾಲ್ಲೂಕಿನ ಕಾಲಂ ನೋಡದೆ ತೀರ್ಮಾನ ಮಾಡಬೇಡ್ರಿ.

1908ರ ಇಂಪೀರಿಯಲ್ ಗೆಜೆಟಿಯರ್ ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತೆ. ತಾಲ್ಲೂಕಿನ ಹೆಸರು ಆಗಿನ ಕಾಗುಣಿತದಲ್ಲೇ ಇರುತ್ತೆ. ಗುಂಪಿನಲ್ಲಿ ಒಬ್ಬರಿಗೆ ಬರೀ ಈ ಊರು-ತಾಲ್ಲೂಕಿನ ಕೆಲಸವನ್ನೇ ಕೊಡ್ರಿ.

ಕರಾವಳಿ_ಕಡತ
ಬಳ್ಳಾರಿ ಅಣ್ಣ ಹೇಳಿದ್ದಕ್ಕೆ ಒಂದು ಸೇರ್ಪಡೆ. ಫಾರಂ ಕೂಡ ಬಂದರಿನಿಂದ ಬಂದರಿಗೆ ಬೇರೆ. ಕಲ್ಕತ್ತಾ ಪಾಸ್‌ನಲ್ಲಿ, ಅಂದರೆ ಒಬ್ಬೊಬ್ಬ ಕೂಲಿಯ ವಿವರ ಬರೆದ ವಲಸೆ ಚೀಟಿಯಲ್ಲಿ, ಜಿಲ್ಲಾ, ಠಾಣಾ, ಹಳ್ಳಿ ಅಂತಿರುತ್ತೆ. ಮದ್ರಾಸಿನದರಲ್ಲಿ ಠಾಣಾ ಬದಲು ತಾಲ್ಲೂಕು. ಫಿಜಿಗೆ ಮದ್ರಾಸಿನಿಂದ ಹಡಗು ಹೊರಟಿದ್ದೇ 1903ರಿಂದ. 1879ರ ಮೇ 14ರಂದು ಮುಟ್ಟಿದ ಲಿಯೊನಿಡಾಸ್‌ನಿಂದ ಹಿಡಿದು ಅಲ್ಲಿವರೆಗಿನವೆಲ್ಲ ಕಲ್ಕತ್ತಾ ಕಡೆಯವು. ಫಿಜಿಯ ದಕ್ಷಿಣದ ಮನೆತನದವರು 1890ರ ಆಸುಪಾಸಿನ ಇಸವಿ ಹೇಳಿದರೆ ಮೊದಲು ಆ ಇಸವಿಯನ್ನೇ ಅನುಮಾನಿಸಿ.

ಜೀನ್_ಗಂಟು
ಇಷ್ಟೆಲ್ಲ ಕಾಗದದ ಹಿಂದೆ ಯಾಕೆ ಓಡಬೇಕು? ಡಿಎನ್‌ಎ ಪರೀಕ್ಷೆ ಮಾಡಿಸಿ, ಹೊಂದಾಣಿಕೆ ಪಟ್ಟಿಯಲ್ಲಿ ಊರಿನವರು ಬಂದೇ ಬರ್ತಾರೆ. ಕಾಗದ ಸುಳ್ಳು ಹೇಳಬಹುದು, ರಕ್ತ ಹೇಳಲ್ಲ.

ಹಳೇದಫ್ತರ
ಊರಿನವರು ಬರಬೇಕು ಅಂದರೆ ಊರಿನವರು ಪರೀಕ್ಷೆ ಮಾಡಿಸಿರಬೇಕಲ್ಲ. ಕೊಳ್ಳೇಗಾಲದ ಹಳ್ಳಿಯಲ್ಲಿ ಎಷ್ಟು ಜನ ಎಂಜಲು ಕಳಿಸಿದ್ದಾರೆ?

ಸಾಲುಕಾಲಂ
ಅದಕ್ಕಿಂತ ದೊಡ್ಡ ತೊಡಕಿದೆ. ಈ ಪರೀಕ್ಷೆಗಳು ಸಂಬಂಧ ಅಳೆಯೋದು ಸೆಂಟಿಮಾರ್ಗನ್ ಲೆಕ್ಕದಲ್ಲಿ, ಅಂದರೆ ಇಬ್ಬರಲ್ಲೂ ಒಂದೇ ಆಗಿರೋ ಡಿಎನ್‌ಎ ಎಷ್ಟು ಅನ್ನೋ ಅಳತೆ. ಒಡಹುಟ್ಟಿದವರ ಮಕ್ಕಳ ನಡುವೆ ಸರಾಸರಿ 866, ಮೂರನೇ ಹಂತದ ದಾಯಾದಿಗಳಲ್ಲಿ (ಮುತ್ತಜ್ಜನ ಅಪ್ಪ ಅಮ್ಮ ಒಂದೇ ಆಗಿರೋರು) ಅದು ಸುಮಾರು 73ಕ್ಕೆ ಇಳಿಯುತ್ತೆ. ನಾಲ್ಕನೇ ಹಂತದಲ್ಲಿ ಅರ್ಧದಷ್ಟು ಜೋಡಿಗಳಲ್ಲಿ ಹೊಂದಾಣಿಕೆಯೇ ಕಾಣಲ್ಲ. 1880ರಲ್ಲಿ ಹೋದವರ ವಂಶಸ್ಥರು ಇವತ್ತು ಊರಿನವರಿಗೆ ಅದೇ ಹಂತದಲ್ಲಿರ್ತಾರೆ.

ಈ ಸರಾಸರಿಗಳು ಸಂಬಂಧದ ಹೊರಗೆ ಮದುವೆಯಾಗೋ ಸಮುದಾಯಗಳಿಗೆ ಹೊಂದೋ ಲೆಕ್ಕ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡೋದು ತಲೆತಲಾಂತರದಿಂದ ಬಂದದ್ದು. ಎರಡು ಮೂರು ದಾರಿಯಲ್ಲಿ ಒಂದೇ ಪೂರ್ವಜರು ಸೇರಿ ಅಂಕಿ ಉಬ್ಬುತ್ತೆ. ಐದನೇ ಹಂತದವರು ಮೂರನೇ ಹಂತದವರ ಥರ ಕಾಣ್ತಾರೆ. ಅಂಕಿ ನೋಡಿ ಮರದಲ್ಲಿ ಸೇರಿಸಿದರೆ ಒಂದೆರಡು ತಲೆಮಾರು ತಪ್ಪಿದ ಹಾಗೆ.

ಜೀನ್_ಗಂಟು
ಉಬ್ಬೋದು ನಿಜ, ಒಪ್ಪಿದೆ. ಆದರೂ ಪೂರ್ತಿ ತಳ್ಳಿಹಾಕಬೇಡಿ. ಡರ್ಬನ್‌ನ ಎರಡು ಕುಟುಂಬ ಒಂದೇ ಅಣ್ಣತಮ್ಮಂದಿರ ಸಂತಾನವಾ ಅನ್ನೋ ಪ್ರಶ್ನೆಗೆ ಅದು ಚೆನ್ನಾಗಿ ಉತ್ತರ ಕೊಡುತ್ತೆ. ಮನೆಯ ಅತಿ ಹಿರಿಯರನ್ನೇ ಪರೀಕ್ಷೆ ಮಾಡಿಸಿ, ಮೊಮ್ಮಕ್ಕಳನ್ನಲ್ಲ. ಒಂದೊಂದು ತಲೆಮಾರು ಕೆಳಗೆ ಬಂದ ಹಾಗೆ ಅರ್ಧ ಕಳೆದುಹೋಗುತ್ತೆ. ಒಟ್ಟು ಅಂಕಿಗಿಂತ ಇಬ್ಬರಲ್ಲೂ ಹೊಂದೋ ಡಿಎನ್‌ಎಯ ಅತಿ ಉದ್ದದ ಒಂದೇ ತುಣುಕು ಎಷ್ಟಿದೆ ನೋಡಿ, ಸಣ್ಣ ತುಣುಕುಗಳ ರಾಶಿಯಾದರೆ ಅದು ಹಳೇ ಸಂಬಂಧಗಳ ಮೊತ್ತ. ಮತ್ತು ಲಿಖಿತ ಒಪ್ಪಿಗೆ ಇಲ್ಲದೆ ಯಾರ ಫಲಿತಾಂಶವನ್ನೂ ಗುಂಪಿನಲ್ಲಿ ತೋರಿಸಬೇಡಿ.

ಪ್ರಶ್ನೆ_ಮಾತ್ರ
ಪಟ್ಟಿಯಲ್ಲಿ ಜಾತಿ ಕಾಲಂ ಇರುತ್ತಲ್ಲ, ಅದನ್ನು ನಂಬಬಹುದಾ?

ಬಳ್ಳಾರಿ_ಬಯಲು
ನಂಬಬಾರದು. ಡಿಪೋದಲ್ಲಿ, ಅಂದರೆ ಹಡಗು ಹತ್ತೋ ಮೊದಲು ಕೂಲಿಗಳನ್ನು ಇರಿಸುತ್ತಿದ್ದ ಶಿಬಿರದಲ್ಲಿ, ಗುಮಾಸ್ತ ಕೇಳಿದ್ದು, ಇವರು ಹೇಳಿದ್ದು, ಅವನು ಬರೆದದ್ದು ಮೂರೂ ಬೇರೆ.

ನಟಾಲ್_ನಂಬರ್
ಹಾಗಂತ ಎಸೆಯಬೇಡಿ ಸರ್. ಆ ಕಾಲಂ ಅಂತಿಮ ಸತ್ಯ ಅಲ್ಲ, ಆದರೆ ಸುಳಿವು. ಹಳೇ ಮದ್ರಾಸ್ ಪಟ್ಟಿಗಳಲ್ಲಿ ಆ ಜಾಗದಲ್ಲಿ ಜಾತಿಯೇ ಇರಲ್ಲ, "ಜೆಂಟೂ" ಅಂದರೆ ತೆಲುಗಿನವರು, "ಮಲಬಾರ್" ಅಂದರೆ ಹೆಚ್ಚಾಗಿ ತಮಿಳಿನವರು. ಮಲಬಾರ್ ಅಂತ ಕಂಡು ಕೇರಳದಲ್ಲಿ ಊರು ಹುಡುಕೋರು ಇದ್ದಾರೆ. ಭಾಷೆ ತಿಳಿದರೆ ಯಾವ ತಾಲ್ಲೂಕು ಅನ್ನೋದು ಅರ್ಧಕ್ಕೆ ಇಳಿಯುತ್ತೆ.

ಕರಾವಳಿ_ಕಡತ
ಗುಂಪಿನಲ್ಲಿ ಜಾತಿ ಕಾಲಂ ಓದೋವಾಗ ಒಂದು ಶಿಸ್ತು ಇರಲಿ. ಇರೋದನ್ನು ಇದ್ದ ಹಾಗೆ ಇಳಿಸಿ, ಮೇಲುಮಾಡಿ ಬರೆಯೋದೂ ಬೇಡ, ಮುಚ್ಚಿಡೋದೂ ಬೇಡ. ಮನೆಯಲ್ಲಿ ಒಂದು ಹೇಳಿಕೊಂಡು ಬಂದಿರ್ತಾರೆ, ಪಾಸ್‌ನಲ್ಲಿ ಇನ್ನೊಂದು ಇರುತ್ತೆ. ಆ ಹೊತ್ತಿನಲ್ಲಿ ಎದುರಿಗಿರೋ ವಂಶಸ್ಥರಿಗೆ ಬೇಜಾರಾಗದ ಹಾಗೆ ನಡೆದುಕೊಳ್ಳೋದು ಗುಂಪಿನ ಜವಾಬ್ದಾರಿ. ಕಡಲು ದಾಟಿದ ಜನ ಹೊಸ ಹೆಸರು, ಹೊಸ ಗುರುತು ಕಟ್ಟಿಕೊಂಡದ್ದರಲ್ಲಿ ತಪ್ಪೇನಿಲ್ಲ.

ಶಾಯಿ_ಮಸಿ
ನೂರು ಸಲ ಒಪ್ಪಿದೆ. ಜಾತಿಗಿಂತ ಉಪಯೋಗಕ್ಕೆ ಬರೋದು ಎತ್ತರ ಮತ್ತು ಮೈಮೇಲಿನ ಗುರುತಿನ ಕಾಲಂಗಳು. ಎಡ ಮೊಣಕಾಲಲ್ಲಿ ಗಾಯದ ಕಲೆ, ಬಲಗೆನ್ನೆ ಮೇಲೆ ಮಚ್ಚೆ, ಎತ್ತರ ಅಡಿ ಅಂಗುಲದಲ್ಲಿ. ಊರಿಗೆ ಮರಳಿ ಮತ್ತೆ ಹೋದವರಿಗೆ ಎರಡನೇ ನಂಬರ್ ಬೀಳುತ್ತೆ. ಆಗ ಇಬ್ಬರು ಚಿನ್ನಸ್ವಾಮಿಗಳು ಒಬ್ಬರೇನಾ ಅಂತ ತೀರ್ಮಾನ ಮಾಡೋದು ಆ ಕಲೆಯೇ. ವಯಸ್ಸನ್ನಂತೂ ಬಿಗಿಯಾಗಿ ಹಿಡಿಯಬೇಡಿ, 20, 25, 30 ಅಂತ ಅಂದಾಜಿಗೆ ಬರೆದದ್ದು. ಐದು ವರ್ಷ ಆಚೀಚೆ ಬಿಡಿ.

ಕೂಸುಗಳ ವಿಷಯ: ದಾರಿಯಲ್ಲಿ ಹುಟ್ಟಿದ ಮಗು ಹೊರಡೋ ಪಟ್ಟಿಯಲ್ಲಿ ಇರಲ್ಲ, ಮುಟ್ಟೋ ಪಟ್ಟಿಯಲ್ಲಿ ಇರುತ್ತೆ. ದಾರಿಯಲ್ಲಿ ತೀರಿಕೊಂಡವರು ಅದಕ್ಕೆ ತಿರುಗುಮುರುಗು. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಬೇಕು.

ಸಾಲುಕಾಲಂ
ಹಡಗಿನ ಹೆಸರಿನಲ್ಲೂ ಎಚ್ಚರ. ಒಂದೇ ಹಡಗು ಮತ್ತೆ ಮತ್ತೆ ಬಂದಿದೆ. ಉಮ್‌ಜಿಂಟೋ ಅಂತ ಮಾತ್ರ ಬರೆದಿಟ್ಟರೆ ಏನೂ ತಿಳಿಯಲ್ಲ, ಯಾವ ಬಂದರಿನಿಂದ ಯಾವ ತಾರೀಖು ಅಂತ ಬೇಕು. ಫಿಜಿ ಪಟ್ಟಿಗಳಲ್ಲಿ ಸಟ್ಲೆಜ್ ಒಂದರಿಂದ ಐದರವರೆಗೆ ಅಂಕಿ ಹಾಕಿ ಬೇರೆ ಮಾಡಿದ್ದಾರೆ. ಕೊನೇ ಹಡಗು 1916ರ ಸಟ್ಲೆಜ್ ಐದು.

ನಟಾಲ್_ನಂಬರ್
@ಪ್ರಶ್ನೆ_ಮಾತ್ರ ಅವರ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಬಾಕಿ ಉಳಿದಿತ್ತು. ನಂಬರ್ ಸಿಗದಿದ್ದರೆ ಸುತ್ತಲಿನವರನ್ನು ಹಿಡಿಯಬೇಕು. ಮದುವೆ ಕಾಗದದ ಸಾಕ್ಷಿಗಳು ಯಾರು? ಒಂದೇ ತೋಟದಲ್ಲಿ, ಒಂದೇ ಮಾಲೀಕರ ಹತ್ತಿರ ಕರಾರಿಗಿದ್ದವರು ಯಾರು? ಒಂದೇ ಹಡಗಿನಲ್ಲಿ ಬಂದವರು ಜಹಾಜಿ ಭಾಯಿ ಅಂತ ಬಂಧುಗಳಿಗಿಂತ ಹೆಚ್ಚಾಗಿ ಬಾಳಿದರು. ಮಕ್ಕಳ ಮದುವೆಗೆ ಅವರೇ ನಿಂತರು, ಹೆಣ ಹೊರೋಕೆ ಅವರೇ ಬಂದರು. ಸಾಕ್ಷಿ ಹಾಕಿದವರ ನಂಬರ್ ಸಿಕ್ಕಿದರೆ ಅದೇ ಹಡಗಿನ ಪಟ್ಟಿಯಲ್ಲಿ ಹತ್ತು ಸಾಲು ಮೇಲೆ ಕೆಳಗೆ ನೋಡಿ. ಒಂದೇ ಊರಿನವರನ್ನು ಹೆಚ್ಚಾಗಿ ಒಟ್ಟಿಗೇ ನೋಂದಾಯಿಸಿರ್ತಾರೆ.

ಹೆಂಗಸರ ಮೂಲ ಹುಡುಕೋಕೂ ಇದೇ ದಾರಿ. ಫಿಜಿ ಹಡಗುಗಳಲ್ಲಿ ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕು ಅನ್ನೋ ನಿಯಮ ಇತ್ತು. ಒಂಟಿಯಾಗಿ ಹೊರಟ ಹೆಂಗಸರು ಬಹಳ. "ಅಜ್ಜ ಅಜ್ಜಿ ಊರಿಂದಲೇ ಗಂಡ ಹೆಂಡತಿಯಾಗಿ ಬಂದರು" ಅಂತ ಮನೆಯಲ್ಲಿ ಹೇಳಿದರೂ ಇಬ್ಬರ ಪಾಸ್ ಬೇರೆಬೇರೆ ತೆಗೆದು ನೋಡಿ. ಜಿಲ್ಲೆ, ಹಡಗು ಬೇರೆಯಾಗಿದ್ದರೆ ಅಜ್ಜಿಗೆ ಅವರದೇ ಒಂದು ಊರು, ಒಂದು ತವರು ಇದೆ. ಅದನ್ನು ಅಜ್ಜನ ಊರಿನಲ್ಲಿ ಕರಗಿಸಿಬಿಡೋದು ಅನ್ಯಾಯ.

ಕಡಲಾಚೆ_ಬೇರು
ಇದು ಬಹಳ ಮುಖ್ಯವಾದ ಮಾತು, ಗುಂಪಿನ ನಿಯಮದಲ್ಲೇ ಸೇರಿಸ್ತೀವಿ: ಅಜ್ಜಿಗೆ ಪ್ರತ್ಯೇಕ ಹುಡುಕಾಟ.

ಸಿಲೋನ್, ಮಲಯಾಕ್ಕೆ ಹೋದವರ ಬಗ್ಗೆಯೂ ಇಬ್ಬರು ಕೇಳ್ತಿದ್ದಾರೆ. ಅವರನ್ನೂ ಸೇರಿಸಿಕೊಳ್ಳಬಹುದಾ?

ಹಳೇದಫ್ತರ
ಸೇರಿಸಿಕೊಳ್ಳಿ, ಆದರೆ ದಾರಿ ಬೇರೆ ಅಂತ ಮೊದಲೇ ಹೇಳಿಬಿಡಿ. ಕಂಗಾಣಿ, ಅಂದರೆ ತೋಟಕ್ಕೆ ಆಳು ಕರೆದೊಯ್ಯೋ ಮೇಸ್ತ್ರಿ, ಅವರ ಮೂಲಕ ಹೋದವರಿಗೆ ಈ ಥರದ ವೈಯಕ್ತಿಕ ಪಾಸ್ ಇಲ್ಲ. ತೋಟದ ದಾಖಲೆ, ದೇವಸ್ಥಾನ, ಚರ್ಚ್ ರಿಜಿಸ್ಟರ್, ಊರಿಗೆ ಬರೆದ ಕಾಗದ, ಮನಿಆರ್ಡರ್ ರಸೀತಿ, ಇಂಥವುಗಳ ಮೇಲೇ ನಿಲ್ಲಬೇಕು.

ಪೋರ್ಟ್‌ಲೂಯಿಸ್_ಪಯಣ
ವಿಷಯಾಂತರ ಅನಿಸಿದರೆ ಕ್ಷಮಿಸಿ. ಅಮೆರಿಕದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರು ಬದಲಾಯಿಸುತ್ತಿದ್ದರು ಅಂತಾರಲ್ಲ, ಇಲ್ಲೂ ಬಂದರಿನಲ್ಲೇ ಬದಲಾಯಿಸಿದ್ದಾ?

ಶಾಯಿ_ಮಸಿ
ಎಲ್ಲಿಸ್ ದ್ವೀಪದ ಆ ಮಾತೇ ದಂತಕಥೆ. ಪಟ್ಟಿ ಬರೀತಿದ್ದದ್ದು ಹೊರಡೋ ಕಡೆ, ಹಡಗು ಕಂಪನಿಯ ಗುಮಾಸ್ತರು. ದ್ವೀಪದ ಅಧಿಕಾರಿಗಳು ಆ ಪಟ್ಟಿ ಹಿಡಿದು ಟಿಕ್ ಹಾಕುತ್ತಿದ್ದರು, ಅಷ್ಟೇ. ಹೆಸರು ಬದಲಾದದ್ದು ಆಮೇಲೆ, ಕೆಲಸದ ಜಾಗದಲ್ಲೋ ಪೌರತ್ವದ ಅರ್ಜಿಯಲ್ಲೋ. ನಮ್ಮವರ ಕಾಗುಣಿತವೂ ಮೊದಲು ತಿರುಚಿಕೊಂಡದ್ದು ಈ ಕಡೆಯ ಡಿಪೋದಲ್ಲಿ. ಮುದಲಿಯಾರ್ ಹೋಗಿ ಮೂಡ್ಲಿ, ಗೌಂಡರ್ ಹೋಗಿ ಗೋವೆಂಡರ್ ಅಂತ ನಿಂತದ್ದು ಅಲ್ಲಿ ತಲೆಮಾರು ಕಳೆದ ಮೇಲೆ.

ಪ್ರಶ್ನೆ_ಮಾತ್ರ
ಊರು ಸಿಕ್ಕಿತು ಅಂತಿಟ್ಟುಕೊಳ್ಳಿ. ಈ ಕಡೆ ಏನು ನೋಡಬೇಕು?

ಬಳ್ಳಾರಿ_ಬಯಲು
ಮೊದಲು ಏನು ಸಿಗಲ್ಲ ಅಂತ ತಿಳಕೊಳ್ರಿ. ಜನನ ಮರಣ ನೋಂದಣಿ ಕಡ್ಡಾಯ ಆಗಿದ್ದು 1969ರ ಕಾಯ್ದೆಯಿಂದ. 1886ರ ಕಾಯ್ದೆಯಲ್ಲಿ ಅದು ಅವರವರ ಇಚ್ಛೆಗೆ ಬಿಟ್ಟದ್ದು. ಹಾಗಾಗಿ 1870ರಲ್ಲಿ ಹುಟ್ಟಿದ ಕೂಲಿಯ ಜನನ ಪ್ರಮಾಣಪತ್ರ ಕೊಡಿ ಅಂತ ಪಂಚಾಯಿತಿ ಬಾಗಿಲು ಬಡಿಯೋದರಲ್ಲಿ ಅರ್ಥ ಇಲ್ಲ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಪೋರ್ಟಲ್‌ನಲ್ಲಿ ವಲಸೆ ಶಾಖೆಯ ಕಡತ ಬಹಳ ಇವೆ, ಆದರೆ ಹೆಚ್ಚಿನವು ಸರ್ಕಾರದ ಪತ್ರವ್ಯವಹಾರ. ಒಬ್ಬೊಬ್ಬರ ಹೆಸರು ಸಿಗುತ್ತೆ ಅಂತ ಹೋಗಬೇಡ್ರಿ.

ಸಿಗೋದು ಜಮೀನಿನ ಕಾಗದ, ಅದೂ ಜಮೀನು ಇದ್ದವರದ್ದು. ಮದ್ರಾಸ್ ಪ್ರಾಂತ್ಯದ ಊರಾದರೆ ಚೆನ್ನೈ ಎಗ್ಮೋರ್‌ನ ತಮಿಳುನಾಡು ಪತ್ರಾಗಾರ, ಸಂಸ್ಥಾನದ ಊರಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಪಹಣಿ, ಮೂಲ ಟಿಪ್ಪಣಿ ಕೇಳ್ರಿ, ಸರ್ವೆ ನಂಬರ್ ಇಲ್ಲದೆ ಹೋದರೆ ವಾಪಸ್ ಕಳಿಸ್ತಾರೆ. ಶಾನುಭೋಗರ ಮನೆತನದವರನ್ನೂ ವಿಚಾರಿಸ್ರಿ, 1961ರ ಕಾಯ್ದೆಯಿಂದ ಹುದ್ದೆ ಹೋದರೂ ಕೆಲವರ ಅಟ್ಟದ ಮೇಲೆ ಲೆಕ್ಕದ ಕಟ್ಟು ಇನ್ನೂ ಇವೆ.

ಜಮೀನಿಲ್ಲದವರಿಗೆ, ಅಂದರೆ ಹೋದವರಲ್ಲಿ ಬಹಳ ಜನಕ್ಕೆ, ಬಾಯಿಮಾತೇ ದಾಖಲೆ. ನಮ್ಮ ಕಡೆ ಹೆಳವರನ್ನು ಮರೀಬೇಡ್ರಿ. ಎತ್ತಿನ ಜೊತೆ ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ವಂಶಾವಳಿ ಹೇಳೋರು ಅವರು. ಯಾವ ಕವಲು ಯಾವ ಊರಿಗೆ ಹೋಯಿತು ಅಂತಲೂ ಅವರ ಹೊತ್ತಿಗೆಯಲ್ಲಿ ಇರುತ್ತೆ.

ಹಳೇದಫ್ತರ
ಹೆಳವರ ಹೊತ್ತಿಗೆ ಅಮೂಲ್ಯ. ಆದರೆ ಅವರಿಗೆ ಕಟ್ಟುಪಾಡಿನ ಮನೆತನಗಳಿವೆ, ಎಲ್ಲರ ವಂಶವೂ ಅವರಲ್ಲಿ ಇರಲ್ಲ. ಹೋಗೋವಾಗ ನಿಮ್ಮ ಉತ್ತರ ನೀವೇ ಬಾಯಲ್ಲಿಡಬೇಡಿ. "ನಿಮ್ಮಲ್ಲಿ ರಾಮಪ್ಪ ಅಂತ ಫಿಜಿಗೆ ಹೋದವರಿದ್ದಾರಾ" ಅಂದರೆ ಯಾರೂ ಇಲ್ಲ ಅನ್ನಲ್ಲ. "ಈ ಮನೆತನದ ನಾಲ್ಕು ತಲೆಮಾರು ಹೇಳಿ" ಅಂತ ಕೇಳಿ, ಕಾಣೆಯಾದ ಹೆಸರು ತಾನಾಗೇ ಬರುತ್ತಾ ನೋಡಿ. ಊರಿನ ಹಿರಿಯರ ಹತ್ತಿರವೂ ಇದೇ ನಿಯಮ. ವಿದೇಶದಿಂದ ನೆಂಟರು ಬಂದಿದ್ದಾರೆ ಅಂದರೆ ಪ್ರೀತಿಯಿಂದಲೇ ನಮ್ಮವರು ಅಂತ ಒಪ್ಪಿಕೊಂಡುಬಿಡ್ತಾರೆ.

ಸಾಲುಕಾಲಂ
ಈಗ ಗುಂಪು ನಡೆಸೋ ವಿಷಯ. ಎರಡು ವಾರಕ್ಕೊಮ್ಮೆ, ಒಂದೂವರೆ ಗಂಟೆ, ಒಂದು ಸಲಕ್ಕೆ ಒಂದೇ ಮನೆತನ, ಒಂದೇ ಪ್ರಶ್ನೆ. "ನಮ್ಮ ವಂಶ ಹುಡುಕಿ" ಅನ್ನೋದು ಪ್ರಶ್ನೆ ಅಲ್ಲ. "1908ರಲ್ಲಿ ಮದುವೆಯಾದ ಇವರ ತಾಯಿ ಯಾವ ನಂಬರಿನಲ್ಲಿ ಬಂದರು" ಅನ್ನೋದು ಪ್ರಶ್ನೆ.

ಎಲ್ಲರಿಗೂ ಒಂದೇ ಸ್ಪ್ರೆಡ್‌ಶೀಟ್. ತಾರೀಖು, ಪ್ರಶ್ನೆ, ಹುಡುಕಿದ ಜಾಗ, ಯಾವ ಯಾವ ಕಾಗುಣಿತ, ಯಾವ ವರ್ಷದಿಂದ ಯಾವ ವರ್ಷ, ಏನು ಸಿಕ್ಕಿತು, ಚಿತ್ರದ ಫೈಲ್ ಹೆಸರು. ಏನೂ ಸಿಗಲಿಲ್ಲ ಅಂದರೂ ಸಾಲು ತುಂಬಲೇಬೇಕು, ಇಲ್ಲದಿದ್ದರೆ ಆರು ತಿಂಗಳ ಮೇಲೆ ಅದೇ ರಿಜಿಸ್ಟರ್ ಇನ್ನೊಬ್ಬರು ತೆರೆಯುತ್ತಾರೆ. ಪ್ರತಿ ಕೊಂಡಿಗೂ ಖಚಿತ, ಸಂಭಾವ್ಯ, ಊಹೆ ಅಂತ ಮೂರರಲ್ಲಿ ಒಂದು ಗುರುತು. ಹೆಸರಿನ ಜೊತೆಗೆ ಇನ್ನೆರಡು ಅಂಶ ಹೊಂದದೆ, ನಂಬರ್ರೋ, ಊರೋ, ತಂದೆ ಹೆಸರೋ, ಮೈಗುರುತೋ, ಖಚಿತ ಅಂತ ಬರೆಯೋ ಹಾಗಿಲ್ಲ.

ಸ್ಕ್ಯಾನ್ ಕಾಗದಕ್ಕೆ 300 ಡಿಪಿಐ, ಫೋಟೋಗೆ 600. ಫೈಲ್ ಹೆಸರು ಇಸವಿ, ಹಡಗು, ನಂಬರ್ ಈ ಕ್ರಮದಲ್ಲಿ. ಮರ ಬರೆಯೋಕೆ ಗ್ರ್ಯಾಂಪ್ಸ್ ಉಚಿತ ತಂತ್ರಾಂಶ, ಕನ್ನಡ ಅಕ್ಷರವನ್ನೂ ಹಿಡಿಯುತ್ತೆ. ಬದುಕಿರೋರ ಹೆಸರು, ಹುಟ್ಟಿದ ದಿನ ಯಾವ ಬಹಿರಂಗ ಮರದಲ್ಲೂ ಹಾಕಬೇಡಿ.

ಕರಾವಳಿ_ಕಡತ
ಸ್ಪ್ರೆಡ್‌ಶೀಟ್‌ನಲ್ಲಿ ಮನೆಮಾತಿಗೂ ಒಂದು ಕಾಲಂ ಇರಲಿ. ಕಿಡ್ನ್ಯಾಪ್ ಮಾಡಿ ಕರೆದೊಯ್ದರು, ಜಾತ್ರೆಗೆ ಹೋದವರು ಬರಲೇ ಇಲ್ಲ, ಇಂಥವು ಪಾಸ್‌ನಲ್ಲಿ ಇರಲ್ಲ. ಸಾಬೀತಾಗದಿದ್ದರೂ ಯಾರು, ಯಾವಾಗ, ಯಾರಿಂದ ಕೇಳಿದ್ದು ಅಂತ ಬರೆದಿಡಿ. ಹೇಳೋರು ಈಗ ಎಂಬತ್ತು ದಾಟಿದವರು. ಪಟ್ಟಿಗಳು ಇನ್ನೂ ನೂರು ವರ್ಷ ಇರ್ತವೆ, ಮೊದಲ ತಿಂಗಳು ಹಿರಿಯರ ಧ್ವನಿ ರೆಕಾರ್ಡ್ ಮಾಡೋ ಕೆಲಸಕ್ಕೇ ಮೀಸಲಿಡಿ.

ಜೀನ್_ಗಂಟು
ಇದಕ್ಕೆ ನನ್ನದೂ ಒಪ್ಪಿಗೆ. ಪರೀಕ್ಷೆ ಕಿಟ್ ಆಮೇಲೆ ತರಿಸಿದರಾಯ್ತು.

ಕಡಲಾಚೆ_ಬೇರು
ಎಲ್ಲರಿಗೂ ಕೃತಜ್ಞತೆಗಳು. ಹೀಗೆ ತೀರ್ಮಾನ ಮಾಡಿದ್ದೇವೆ: ಮೊದಲ ಎರಡು ಸಭೆ ಹಿರಿಯರ ಮಾತು ಮತ್ತು ಮನೆಯ ಕಾಗದ, ಮೂರನೇದು ಶಾಯಿ_ಮಸಿ ಮೇಡಂ ಹೇಳಿದ ಹಾಗೆ ಯಾರದೋ ಒಂದು ಪುಟ ಓದೋ ಅಭ್ಯಾಸ, ಆಮೇಲೆ ನಂಬರ್ ಸಿಕ್ಕವರದ್ದು ಮಾತ್ರ ಹಡಗಿನ ಪಟ್ಟಿ. ಭಾನುವಾರ ಭಾರತದ ಸಂಜೆ 6 ಗಂಟೆಗೆ ಸೇರೋಣ ಅಂತಿದ್ದೇವೆ.

ಸಾಲುಕಾಲಂ
ಸಂಜೆ 6 ಬೇಡ. ಫಿಜಿ ಭಾರತಕ್ಕಿಂತ ಆರೂವರೆ ಗಂಟೆ ಮುಂದೆ, ಅಲ್ಲಿ ರಾತ್ರಿ ಹನ್ನೆರಡೂವರೆ ಆಗಿರುತ್ತೆ. ಮಧ್ಯಾಹ್ನ 2ಕ್ಕೆ ಇಡಿ: ಫಿಜಿಯಲ್ಲಿ ರಾತ್ರಿ 8.30, ಮಾರಿಷಸ್‌ನಲ್ಲಿ 12.30, ಡರ್ಬನ್‌ನಲ್ಲಿ ಬೆಳಿಗ್ಗೆ 10.30.

ನಟಾಲ್_ನಂಬರ್
ಡರ್ಬನ್‌ನ ಹಿರಿಯರಿಗೆ 10.30 ಚೆನ್ನಾಗಿ ಹೊಂದುತ್ತೆ. ಸಭೆಗೆ ಬರೋವಾಗ ಮನೆಯಲ್ಲಿರೋ ಹಳೇ ಮದುವೆ ಕಾಗದದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ತರಲು ಹೇಳಿ. ನಂಬರ್ ಎಷ್ಟೋ ಸಲ ಅಲ್ಲೇ ಪೆನ್ಸಿಲ್‌ನಲ್ಲಿ ಬರೆದಿರುತ್ತೆ.